ಅರಿಷ್ಟ ಮತ್ತು ಅಣುಸೂಚಕ: ಗಂಟಲು ಕ್ಯಾನ್ಸರಿನ ಮುನ್ನರಿವನ್ನು ಕುರಿತ ವಿವೇಚನೆ

೧. ಪೀಠಿಕೆ

ಬೆಂಗಳೂರಿನ ಸುದ್ದಗುಂಟೆಪಾಳ್ಯದ ನೆರೆಯಲ್ಲಿ, ಡಾ. ಎಂ. ಎಚ್. ಮರೀಗೌಡ ರಸ್ತೆಯಲ್ಲಿರುವ ಕಿದ್ವಾಯಿ ಸ್ಮಾರಕ ಕ್ಯಾನ್ಸರ್ ಸಂಸ್ಥೆ ೧೯೭೩ರಲ್ಲಿ ಆರಂಭವಾಯಿತು. ೧೯೮೦ರಲ್ಲಿ ಅದು ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆನಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ರೂಪಿಸಿದಾಗ, ಜನಸಮುದಾಯವನ್ನು ಆಧರಿಸಿ ಲೆಕ್ಕವಿಡುವ ಕೆಲಸ ೧೯೮೨ರಲ್ಲಿ ಮೊದಲಾದ ಮೂರು ನಗರಗಳಲ್ಲಿ ಬೆಂಗಳೂರೂ ಒಂದು. ಆ ಹೊಣೆಯನ್ನು ಹೊತ್ತದ್ದು ಇದೇ ಸಂಸ್ಥೆ. ಹೀಗೆ ನಾಲ್ಕು ದಶಕಗಳಿಗೂ ಮೀರಿ ಕನ್ನಡ ನಾಡಿನ ಕ್ಯಾನ್ಸರಿನ ಲೆಕ್ಕ ಈ ಪರಿಸರದಲ್ಲಿ ಸಂಗ್ರಹವಾಗುತ್ತ ಬಂದಿದೆ. ನಾಡಿನ ಮೂಲೆಮೂಲೆಗಳಿಂದ ಇಲ್ಲಿಗೆ ಬರುವ ರೋಗಿಗಳ ಹಾಗೂ ಅವರ ಮನೆಯವರ ಮುಖ್ಯ ಪ್ರಶ್ನೆ ಒಂದೇ: ‘ಎಷ್ಟು ದಿನ?’ ಪ್ರಶ್ನೆ ಬಹುಮಟ್ಟಿಗೆ ಕನ್ನಡದಲ್ಲಿರುತ್ತದೆ. ಉತ್ತರ ಹುಟ್ಟಿದ ವಿಜ್ಞಾನದ ಭಾಷೆ ಇಂಗ್ಲಿಷು.

ಕಳೆದ ಮೂರು ದಶಕಗಳಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿ ಬದಲಾಗಿದೆ. ಗಡ್ಡೆಯ ಗಾತ್ರ ಮತ್ತು ಹರಡುವಿಕೆಯ ಜೊತೆಗೆ, ಗಡ್ಡೆಯ ಜೀವಕೋಶಗಳೊಳಗಿನ ಪ್ರೋಟೀನು, ವಂಶವಾಹಿ ಹಾಗೂ ವೈರಾಣುವಿನ ಗುರುತುಗಳನ್ನು ಓದಿ ರೋಗದ ಮುನ್ನಡೆಯನ್ನು ಅಂದಾಜು ಮಾಡಲಾಗುತ್ತಿದೆ. ಇಂಥ ಗುರುತುಗಳನ್ನು ವೈದ್ಯವಿಜ್ಞಾನ ‘ಮಾಲೆಕ್ಯುಲರ್ ಬಯೋಮಾರ್ಕರ್’ ಎಂದು ಕರೆಯುತ್ತದೆ. ಪ್ರಸ್ತುತ ಲೇಖನದಲ್ಲಿ ಇವನ್ನು ‘ಅಣುಸೂಚಕ’ ಎಂಬ ಪದದಿಂದ ನಿರ್ದೇಶಿಸಲಾಗಿದೆ. ಗಂಟಲು ಕ್ಯಾನ್ಸರಿನಲ್ಲಿ ಅಣುಸೂಚಕಗಳು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದನ್ನು ವಿವರಿಸುವುದು ಈ ಲೇಖನದ ಮೊದಲ ಉದ್ದೇಶ. ಆ ಮಾತನ್ನು ಕನ್ನಡದಲ್ಲಿ ಹೇಳುವಾಗ ಭಾಷೆಯ ಒಳಗಿನಿಂದಲೇ ಎದುರಾಗುವ ತೊಡಕುಗಳನ್ನು ಗುರುತಿಸುವುದು ಎರಡನೆಯ ಉದ್ದೇಶ.

೨. ‘ಗಂಟಲು’ ಎಂಬ ಪದದ ವ್ಯಾಪ್ತಿ

ಆಡುಮಾತಿನಲ್ಲಿ ಗಂಟಲು ಒಂದೇ ಅಂಗ. ದನಿ ಕಟ್ಟಿದರೂ ಗಂಟಲು, ಅನ್ನ ಸಿಕ್ಕಿಕೊಂಡರೂ ಗಂಟಲು. ಅಂಗರಚನಾಶಾಸ್ತ್ರದ ದೃಷ್ಟಿಯಲ್ಲಿ ಇಲ್ಲಿ ಎರಡು ಮುಖ್ಯ ಭಾಗಗಳಿವೆ: ಗಂಟಲಕುಳಿ ಮತ್ತು ಧ್ವನಿಪೆಟ್ಟಿಗೆ. ಗಂಟಲಕುಳಿಯಲ್ಲಿ ಮತ್ತೆ ಮೂರು ನೆಲೆಗಳು. ಮೂಗಿನ ಹಿಂಬದಿಯ ಮೇಲ್ಭಾಗ ಒಂದು. ಟಾನ್ಸಿಲ್ ಮತ್ತು ನಾಲಗೆಯ ಬುಡವನ್ನೊಳಗೊಂಡ ನಡುಭಾಗ ಇನ್ನೊಂದು. ಅನ್ನನಾಳಕ್ಕೆ ಹೊಂದಿಕೊಂಡ ಕೆಳಭಾಗ ಮತ್ತೊಂದು. ಈ ಪ್ರದೇಶದ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಒಳಪದರದ ಚಪ್ಪಟೆ ಜೀವಕೋಶಗಳಲ್ಲಿ ಹುಟ್ಟುತ್ತವೆಯಾದರೂ ಅವುಗಳ ಕಾರಣ, ನಡೆ ಮತ್ತು ಫಲಿತಾಂಶ ಒಂದೇ ಬಗೆಯವಲ್ಲ. ಕೆಳಗಂಟಲಿನ ಗಡ್ಡೆ ಬಹುಕಾಲ ಸದ್ದಿಲ್ಲದೆ ಬೆಳೆಯುತ್ತದೆ. ಧ್ವನಿತಂತುವಿನ ಮೇಲಿನ ಗಡ್ಡೆ ದನಿಯನ್ನು ಬೇಗನೆ ಒರಟಾಗಿಸಿ ತನ್ನನ್ನು ತಾನೇ ತೋರಿಸಿಕೊಡುತ್ತದೆ. ಒಂದು ನೆಲೆಯಲ್ಲಿ ಅರ್ಥವುಳ್ಳ ಸೂಚಕ ಮತ್ತೊಂದು ನೆಲೆಯಲ್ಲಿ ಅರ್ಥ ಕಳೆದುಕೊಳ್ಳಬಹುದು. ಆದುದರಿಂದ ‘ಗಂಟಲು ಕ್ಯಾನ್ಸರಿಗೆ ಇಂಥ ಸೂಚಕ’ ಎಂಬ ಹೇಳಿಕೆಯನ್ನು ಕಂಡಾಗ ‘ಯಾವ ಗಂಟಲು?’ ಎಂದು ಕೇಳಬೇಕಾಗುತ್ತದೆ. ಮುಂದಿನ ಚರ್ಚೆಗೆ ಈ ಪ್ರಶ್ನೆಯೇ ತಳಹದಿ.

೩. ಮುನ್ನರಿವಿನ ಹಳೆಯ ದಾರಿಗಳು

ರೋಗದ ಮುಂದಿನ ಗತಿಯನ್ನು ಮೊದಲೇ ಅರಿಯುವ ಹಂಬಲ ಹೊಸದೇನಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ರೋಗಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಪ್ರತ್ಯಾಖ್ಯೇಯ ಎಂದು ವಿಂಗಡಿಸಲಾಗಿದೆ. ಸುಲಭವಾಗಿ ಗುಣವಾಗುವುದು, ಕಷ್ಟದಿಂದ ಗುಣವಾಗುವುದು, ಗುಣವಾಗದಿದ್ದರೂ ಚಿಕಿತ್ಸೆಯಿಂದ ಹಿಡಿತದಲ್ಲಿ ಇಡಬಹುದಾದುದು, ವೈದ್ಯನು ಕೈಬಿಡಬೇಕಾದುದು ಎಂಬುದು ಇವುಗಳ ಅರ್ಥ. ಅದೇ ಗ್ರಂಥದ ಇಂದ್ರಿಯಸ್ಥಾನವು ಮರಣವನ್ನು ಮುಂದಾಗಿ ತಿಳಿಸುವ ‘ಅರಿಷ್ಟ’ ಲಕ್ಷಣಗಳಿಗೇ ಮೀಸಲಾಗಿದೆ. (ದ್ರಾಕ್ಷಾರಿಷ್ಟದಂಥ ಔಷಧಿಗಳ ಹೆಸರಿನಲ್ಲಿರುವ ಅರಿಷ್ಟಕ್ಕೂ ಇದಕ್ಕೂ ಅರ್ಥ ಬೇರೆ.) ಅರಿಷ್ಟ ನಿಜವಾಗಿ ಕಾಣಿಸಿಕೊಂಡ ಮೇಲೆ ಮರಣ ತಪ್ಪದು ಎಂಬುದು ಅಲ್ಲಿನ ತಿಳಿವಳಿಕೆ. ಈ ಪರಿಕಲ್ಪನೆಯ ಎರಡು ಲಕ್ಷಣಗಳನ್ನು ಇಲ್ಲಿ ಗಮನಿಸಬೇಕು. ಅರಿಷ್ಟವು ಎದುರಿಗಿರುವ ಒಬ್ಬ ವ್ಯಕ್ತಿಯನ್ನು ಕುರಿತು ಮಾತನಾಡುತ್ತದೆ; ಹಾಗೂ ನಿಶ್ಚಯದ ದನಿಯಲ್ಲಿ ಮಾತನಾಡುತ್ತದೆ.

ಆಧುನಿಕ ಕ್ಯಾನ್ಸರ್ ವೈದ್ಯ ಬೇರೆ ದಾರಿ ಹಿಡಿಯಿತು. ಫ್ರಾನ್ಸಿನ ಪಿಯರ್ ದೆನ್ವಾ ೧೯೪೩ರಿಂದ ೧೯೫೨ರವರೆಗಿನ ಅವಧಿಯಲ್ಲಿ ‘ಟಿ ಎನ್ ಎಂ’ ಎಂಬ ಹಂತನಿರ್ಣಯದ ಕ್ರಮವನ್ನು ರೂಪಿಸಿದನು. ಮೂಲಗಡ್ಡೆಯ ಗಾತ್ರ ಹಾಗೂ ವ್ಯಾಪ್ತಿ, ದುಗ್ಧರಸ ಗ್ರಂಥಿಗಳಿಗೆ ಹರಡಿರುವಿಕೆ, ದೂರದ ಅಂಗಗಳಿಗೆ ಹರಡಿರುವಿಕೆ ಎಂಬ ಮೂರು ಅಂಶಗಳ ಮೇಲೆ ರೋಗವನ್ನು ಹಂತಗಳಾಗಿ ವಿಂಗಡಿಸುವ ಈ ಕ್ರಮ ಇಂದಿಗೂ ಬಳಕೆಯಲ್ಲಿದೆ. ಇದರ ಮಿತಿ ವೈದ್ಯರಿಗೆ ತಿಳಿಯದ್ದೇನಲ್ಲ. ಒಂದೇ ಹಂತದ, ಒಂದೇ ಚಿಕಿತ್ಸೆ ಪಡೆದ ಇಬ್ಬರಲ್ಲಿ ಒಬ್ಬರು ಹತ್ತು ವರ್ಷ ಬಾಳುತ್ತಾರೆ, ಇನ್ನೊಬ್ಬರಿಗೆ ವರ್ಷದೊಳಗೆ ರೋಗ ಮರುಕಳಿಸುತ್ತದೆ. ಕಣ್ಣಿಗೆ ಒಂದೇ ಆಗಿ ಕಾಣುವ ಗಡ್ಡೆಗಳು ಒಳಗೆ ಬೇರೆ ಬೇರೆ ಎಂಬ ಅನುಮಾನವೇ ಅಣುಸೂಚಕಗಳ ಶೋಧಕ್ಕೆ ಪ್ರೇರಣೆಯಾಯಿತು.

೪. ಬದುಕುಳಿವಿನ ಲೆಕ್ಕ

ಸೂಚಕಗಳನ್ನು ಅರಿಯುವ ಮೊದಲು ಅವುಗಳನ್ನು ಒರೆಗೆ ಹಚ್ಚುವ ಲೆಕ್ಕವನ್ನು ಅರಿಯಬೇಕು. ರೋಗಿಗಳ ಗುಂಪೊಂದನ್ನು ವರ್ಷಗಟ್ಟಲೆ ಹಿಂಬಾಲಿಸಿದಾಗ ಎಲ್ಲರ ಪೂರ್ಣ ವಿವರ ದೊರಕುವುದಿಲ್ಲ. ಕೆಲವರು ಅಧ್ಯಯನ ಮುಗಿದಾಗಲೂ ಬದುಕಿರುತ್ತಾರೆ; ಕೆಲವರು ಮರುತಪಾಸಣೆಗೆ ಬರುವುದನ್ನೇ ನಿಲ್ಲಿಸಿರುತ್ತಾರೆ. ಇಂಥ ಅಪೂರ್ಣ ವಿವರಗಳಿಂದಲೂ ಬದುಕುಳಿವನ್ನು ಅಂದಾಜು ಮಾಡುವ ವಿಧಾನವನ್ನು ಎಡ್ವರ್ಡ್ ಕಪ್ಲಾನ್ ಮತ್ತು ಪಾಲ್ ಮೇಯರ್ ೧೯೫೮ರಲ್ಲಿ ಪ್ರಕಟಿಸಿದರು.

ಊಹೆಯ ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಹತ್ತು ಮಂದಿ ರೋಗಿಗಳಿದ್ದಾರೆ ಎನ್ನೋಣ. ಮೊದಲ ವರ್ಷದಲ್ಲಿ ಇಬ್ಬರು ತೀರಿಕೊಂಡರು. ಉಳಿದವರು ನೂರಕ್ಕೆ ೮೦. ವರ್ಷದ ಕೊನೆಗೆ ಮೂವರು ಸಂಪರ್ಕ ತಪ್ಪಿಹೋದರು. ಎರಡನೆಯ ವರ್ಷದಲ್ಲಿ ಕಣ್ಣಳತೆಯಲ್ಲಿದ್ದ ಐವರ ಪೈಕಿ ಒಬ್ಬರು ತೀರಿಕೊಂಡರು. ಅಂದರೆ ಆ ವರ್ಷವನ್ನು ದಾಟಿದವರು ಮತ್ತೆ ನೂರಕ್ಕೆ ೮೦. ಎರಡು ವರ್ಷಗಳ ಬದುಕುಳಿವು ೮೦ರ ಶೇಕಡ ೮೦, ಎಂದರೆ ಶೇಕಡ ೬೪. ಕಾಣೆಯಾದ ಮೂವರೂ ಸತ್ತರೆಂದು ಎಣಿಸಿದ್ದರೆ ಶೇಕಡ ೪೦, ಬದುಕಿದ್ದಾರೆಂದು ಎಣಿಸಿದ್ದರೆ ಶೇಕಡ ೭೦ ಆಗುತ್ತಿತ್ತು. ಕಪ್ಲಾನ್-ಮೇಯರ್ ವಿಧಾನದ ಹಿಂದೆ ಒಂದು ಗ್ರಹಿಕೆ ಇದೆ: ಸಂಪರ್ಕ ತಪ್ಪಿದವರ ಗತಿಯೂ ಉಳಿದವರ ಗತಿಯಂತೆಯೇ ಇದ್ದೀತು ಎಂಬುದು ಆ ಗ್ರಹಿಕೆ. ಬಡತನದಿಂದಲೋ, ರೋಗ ಉಲ್ಬಣಿಸಿದ್ದರಿಂದಲೋ ಬೆಂಗಳೂರಿನ ದಾರಿ ಹಿಡಿಯಲಾಗದವರೇ ಹೆಚ್ಚಾಗಿ ಕಾಣೆಯಾದರೆ ಈ ಗ್ರಹಿಕೆ ಸಡಿಲಗೊಳ್ಳುತ್ತದೆ. ದೂರದ ಜಿಲ್ಲೆಗಳಿಂದ ಜನ ಬರುವ ನಾಡಿನಲ್ಲಿ ಇದು ಕೇವಲ ಗಣಿತದ ಸೂಕ್ಷ್ಮವಾಗಿ ಉಳಿಯುವುದಿಲ್ಲ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರವಿರುವುದರ ಮಹತ್ವವನ್ನು ಚಿಕಿತ್ಸೆಯ ದೃಷ್ಟಿಯಿಂದ ಮಾತ್ರವಲ್ಲದೆ ಈ ದೃಷ್ಟಿಯಿಂದಲೂ ಕಾಣಬೇಕು.

ಇನ್ನೊಂದು ಪದವೂ ಇಲ್ಲಿ ಪ್ರಸ್ತುತ: ‘ಮಧ್ಯಾಂಕ’. ಅಮೆರಿಕದ ಜೀವವಿಜ್ಞಾನಿ ಹಾಗೂ ಪ್ರಬಂಧಕಾರ ಸ್ಟೀಫನ್ ಜೇ ಗೌಲ್ಡ್ ಅವರಿಗೆ ೧೯೮೨ರಲ್ಲಿ ಅಪರೂಪದ ಕ್ಯಾನ್ಸರ್ ಪತ್ತೆಯಾಯಿತು. ಆ ರೋಗದಲ್ಲಿ ಬದುಕುಳಿವಿನ ಮಧ್ಯಾಂಕ ೮ ತಿಂಗಳೆಂದು ವೈದ್ಯಸಾಹಿತ್ಯ ಹೇಳುತ್ತಿತ್ತು. ಮಧ್ಯಾಂಕವೆಂದರೆ ಅರ್ಧ ಜನ ಅದಕ್ಕಿಂತ ಮೊದಲೂ ಉಳಿದರ್ಧ ಜನ ಅದರ ನಂತರವೂ ತೀರಿಕೊಳ್ಳುತ್ತಾರೆ ಎಂದಷ್ಟೇ ಅರ್ಥ. ಆ ಉಳಿದರ್ಧದ ಬಾಲ ಬಹಳ ಉದ್ದವಿರಬಹುದು. ಗೌಲ್ಡ್ ೧೯೮೫ರಲ್ಲಿ ಈ ವಿಚಾರವನ್ನು ಕುರಿತು ಪ್ರಬಂಧ ಬರೆದರು, ೨೦೦೨ರವರೆಗೆ ಬದುಕಿದರು. ಗುಂಪಿನ ಅಂಕಿ ವ್ಯಕ್ತಿಯ ಗಡುವಾಗದು ಎಂಬುದಕ್ಕೆ ಇದು ಪ್ರಸಿದ್ಧ ನಿದರ್ಶನ.

೫. ಅಣುಸೂಚಕಗಳು: ಮುಖ್ಯ ನಿದರ್ಶನಗಳು

ಮೊದಲನೆಯದು ‘ಪಿ-೫೩’. ೧೯೭೯ರಲ್ಲಿ ಗುರುತಿಸಲ್ಪಟ್ಟ ಈ ಪ್ರೋಟೀನು ಜೀವಕೋಶದ ಕಾವಲುಗಾರ. ವಂಶವಾಹಿಗೆ ಹಾನಿಯಾದಾಗ ಕೋಶದ ವಿಭಜನೆಯನ್ನು ತಡೆದು ನಿಲ್ಲಿಸುತ್ತದೆ. ದುರಸ್ತಿ ಆಗದಿದ್ದಲ್ಲಿ ಕೋಶವನ್ನು ಸಾವಿಗೆ ದೂಡುತ್ತದೆ. ಈ ಪ್ರೋಟೀನಿನ ವಂಶವಾಹಿಯೇ ಕೆಟ್ಟರೆ ಹಾನಿಗೊಂಡ ಕೋಶಗಳು ತಡೆಯಿಲ್ಲದೆ ಹೆಚ್ಚುತ್ತವೆ. ತಂಬಾಕಿನಿಂದ ಹುಟ್ಟುವ ತಲೆ-ಕುತ್ತಿಗೆಯ ಕ್ಯಾನ್ಸರುಗಳಲ್ಲಿ ಈ ವಂಶವಾಹಿಯ ಮಾರ್ಪಾಟು ಬಹುಸಾಮಾನ್ಯ. ೨೦೦೭ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶಸ್ತ್ರಚಿಕಿತ್ಸೆ ಪಡೆದ ೪೨೦ ರೋಗಿಗಳ ಗಡ್ಡೆಗಳನ್ನು ಪರೀಕ್ಷಿಸಲಾಯಿತು. ಶೇಕಡ ೫೩ರಷ್ಟರಲ್ಲಿ ಮಾರ್ಪಾಟು ಕಂಡುಬಂತು. ಮಾರ್ಪಾಟು ಇದ್ದವರ ಬದುಕುಳಿವು ಕಡಿಮೆಯಿತ್ತು. ಆದರೆ ಎಲ್ಲ ಮಾರ್ಪಾಟುಗಳ ಪರಿಣಾಮವೂ ಸಮಾನವಾಗಿರಲಿಲ್ಲ. ಪ್ರೋಟೀನಿನ ರಚನೆಯನ್ನೇ ಕೆಡಿಸುವಂಥವು ಹೆಚ್ಚು ಕೆಡುಕಿನವಾಗಿದ್ದವು.

ಎರಡನೆಯದೂ ಅತಿ ಮುಖ್ಯವಾದುದೂ ‘ಪಿ-೧೬’. ಗರ್ಭಕೊರಳಿನ ಕ್ಯಾನ್ಸರಿಗೆ ಹ್ಯೂಮನ್ ಪ್ಯಾಪಿಲೋಮಾ ವೈರಾಣು (ಎಚ್‌ಪಿವಿ) ಕಾರಣವೆಂದು ತೋರಿಸಿದ ಹರಾಲ್ಡ್ ತ್ಸೂರ್ ಹೌಸನ್ ಅವರಿಗೆ ೨೦೦೮ರಲ್ಲಿ ನೊಬೆಲ್ ಬಹುಮಾನ ಬಂದಿತು. ಗಂಟಲಿನ ನಡುಭಾಗದ ಕೆಲವು ಕ್ಯಾನ್ಸರುಗಳಿಗೂ ಇದೇ ವೈರಾಣು ಕಾರಣವೆಂಬುದಕ್ಕೆ ೨೦೦೦ದಲ್ಲಿ ಬಲವಾದ ಆಧಾರ ದೊರೆತಿತ್ತು. ವೈರಾಣುವಿನ ಒಂದು ಪ್ರೋಟೀನು ಪಿ-೫೩ನ್ನು ಒಡೆಯುತ್ತದೆ. ಇನ್ನೊಂದು, ಕೋಶವಿಭಜನೆಗೆ ಕಡಿವಾಣ ಹಾಕುವ ಮತ್ತೊಂದು ಪ್ರೋಟೀನನ್ನು ನಿಷ್ಕ್ರಿಯಗೊಳಿಸುತ್ತದೆ. ಈ ಎರಡನೆಯ ಏರುಪೇರಿನ ಫಲವಾಗಿ ಕೋಶದಲ್ಲಿ ಪಿ-೧೬ ಪ್ರೋಟೀನು ರಾಶಿಯಾಗಿ ಸೇರುತ್ತದೆ. ಪಿ-೧೬ ಸ್ವತಃ ಗಡ್ಡೆಯನ್ನು ತಡೆಯುವ ಪ್ರೋಟೀನು. ಅದರ ಅತಿಶಯ ವೈರಾಣುವಿನ ಹೆಜ್ಜೆಗುರುತು. ಅಂಗಾಂಶದ ತೆಳುಪದರಕ್ಕೆ ಬಣ್ಣ ಕಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇದು ತಿಳಿಯುತ್ತದೆ. ವೈರಾಣುವನ್ನೇ ಹುಡುಕುವ ಪರೀಕ್ಷೆಗಿಂತ ಇದು ಸರಳ.

೨೦೧೦ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ನಡುಗಂಟಲಿನ ಮುಂದುವರಿದ ಕ್ಯಾನ್ಸರಿಗೆ ವಿಕಿರಣ ಮತ್ತು ಔಷಧ ಚಿಕಿತ್ಸೆಗಳನ್ನು ಒಟ್ಟಿಗೆ ಪಡೆದವರನ್ನು ಕುರಿತದ್ದು. ವೈರಾಣು ಇದ್ದವರಲ್ಲಿ ಮೂರು ವರ್ಷಗಳ ಬದುಕುಳಿವು ಶೇಕಡ ೮೨.೪, ಇಲ್ಲದವರಲ್ಲಿ ಶೇಕಡ ೫೭.೧ ಎಂದು ಅದು ತೋರಿಸಿತು. ತಂಬಾಕಿನ ಪಾಲನ್ನೂ ಸೇರಿಸಿ ಲೆಕ್ಕ ಹಾಕಿದಾಗ ಅಂತರ ಇನ್ನೂ ಹೆಚ್ಚಿತು. ವೈರಾಣು ಇದ್ದರೂ ದೀರ್ಘಕಾಲ ಹೊಗೆ ಸೇದಿದವರು ಮಧ್ಯಮ ಅಪಾಯದ ಗುಂಪಿಗೆ ಜಾರಿದರು. ಅಂದರೆ ಸೂಚಕದ ಅರ್ಥವನ್ನು ರೋಗಿಯ ಬದುಕಿನ ಅಭ್ಯಾಸ ಬದಲಿಸುತ್ತದೆ.

ಈ ಶೋಧದ ಪರಿಣಾಮ ಹಂತನಿರ್ಣಯದ ಮೇಲೂ ಆಯಿತು. ಅಮೆರಿಕದ ಹಂತನಿರ್ಣಯ ಕೈಪಿಡಿಯ ಎಂಟನೆಯ ಆವೃತ್ತಿ ೨೦೧೬ರಲ್ಲಿ ಹೊರಬಂದು ೨೦೧೮ರಿಂದ ಬಳಕೆಗೆ ಬಂದಿತು. ಅದರಲ್ಲಿ ಪಿ-೧೬ ಇರುವ ನಡುಗಂಟಲಿನ ಕ್ಯಾನ್ಸರಿಗೆ ಪ್ರತ್ಯೇಕ ಹಂತಗಳಿವೆ. ಗಡ್ಡೆ ಚಿಕ್ಕದಿದ್ದು ಕುತ್ತಿಗೆಯ ಒಂದೇ ಬದಿಯ ಹಲವು ಗ್ರಂಥಿಗಳಿಗೆ ಹರಡಿದ್ದರೆ ಹಿಂದೆ ಅದು ನಾಲ್ಕನೆಯ ಹಂತ. ಪಿ-೧೬ ಇದ್ದು ಗ್ರಂಥಿಗಳು ಆರು ಸೆಂಟಿಮೀಟರಿಗಿಂತ ದೊಡ್ಡವಲ್ಲದಿದ್ದರೆ ಈಗ ಮೊದಲನೆಯ ಹಂತ. ಗಡ್ಡೆ ಅದೇ, ದೇಹ ಅದೇ. ಬದಲಾದದ್ದು ಓದುವ ಕ್ರಮ.

ಮೂರನೆಯದು ‘ಇಜಿಎಫ್‌ಆರ್’, ಕೋಶದ ಹೊರಪೊರೆಯ ಮೇಲಿನ ಬೆಳವಣಿಗೆಯ ಗ್ರಾಹಕ. ತಲೆ-ಕುತ್ತಿಗೆಯ ಬಹುಪಾಲು ಕ್ಯಾನ್ಸರುಗಳಲ್ಲಿ ಇದು ಮಿತಿಮೀರಿರುತ್ತದೆ. ಇದನ್ನು ತಡೆಯುವ ಔಷಧಗಳಲ್ಲಿ ಒಂದಾದ ನಿಮೋಟುಜುಮಾಬ್ ಮೂಲತಃ ಕ್ಯೂಬಾದಲ್ಲಿ ರೂಪುಗೊಂಡದ್ದು. ಬೆಂಗಳೂರಿನ ಬಯೋಕಾನ್ ಸಂಸ್ಥೆ ೨೦೦೬ರಲ್ಲಿ ಅದನ್ನು ಭಾರತದಲ್ಲಿ ಬಳಕೆಗೆ ತಂದಿತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ೫೩೬ ರೋಗಿಗಳ ಮೇಲೆ ನಡೆದು ೨೦೧೯ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರೂಢಿಯ ಚಿಕಿತ್ಸೆಯೊಡನೆ ಇದನ್ನು ಸೇರಿಸಿದಾಗ ರೋಗ ಮುಂದುವರಿಯದೆ ಉಳಿಯುವ ಅವಧಿ ಹೆಚ್ಚಿತು. ಒಟ್ಟು ಬದುಕುಳಿವಿನಲ್ಲಿ ಮಾತ್ರ ಖಚಿತ ಅಂತರ ಸ್ಥಾಪಿತವಾಗಲಿಲ್ಲ. ‘ರೋಗ ಮುಂದುವರಿಯದ ಅವಧಿ’ ಮತ್ತು ‘ಬದುಕುಳಿವು’ ಎಂಬ ಎರಡು ಅಳತೆಗಳು ಒಂದೇ ಅಲ್ಲ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ನಾಲ್ಕನೆಯದು ಮೇಲ್ಗಂಟಲಿಗೆ ಸಂಬಂಧಿಸಿದ್ದು. ಅಲ್ಲಿನ ಕ್ಯಾನ್ಸರಿನ ಒಂದು ಮುಖ್ಯ ಬಗೆ ಎಪ್‌ಸ್ಟೈನ್-ಬಾರ್ ವೈರಾಣುವಿನೊಡನೆ ತಳುಕು ಹಾಕಿಕೊಂಡಿದೆ. ರೋಗಿಯ ರಕ್ತದಲ್ಲಿ ತೇಲುವ ವೈರಾಣುವಿನ ಡಿಎನ್‌ಎ ಪ್ರಮಾಣ ರೋಗದ ಮುನ್ನಡೆಯನ್ನು ಸೂಚಿಸಬಲ್ಲದೆಂದು ಹಾಂಗ್‌ಕಾಂಗಿನ ಡೆನಿಸ್ ಲೋ ಮತ್ತು ಸಂಗಡಿಗರು ತೋರಿಸಿದರು. ದಕ್ಷಿಣ ಚೀನಾದಲ್ಲಿ ಈ ರೋಗ ಹೆಚ್ಚು, ಭಾರತದಲ್ಲಿ ನಾಗಾಲ್ಯಾಂಡಿನಲ್ಲಿ ಹೆಚ್ಚು, ಕರ್ನಾಟಕದಲ್ಲಿ ಅಪರೂಪ. ಒಂದು ನಾಡಿನ ಮುಖ್ಯ ಸೂಚಕ ಇನ್ನೊಂದು ನಾಡಿನ ದಿನಬಳಕೆಗೆ ಬಾರದಿರಲು ಇಷ್ಟು ಸಾಕು.

೬. ಮುನ್ನರಿವು ಮತ್ತು ಚಿಕಿತ್ಸೆಯ ಆಯ್ಕೆ

ಅಣುಸೂಚಕಗಳಲ್ಲಿ ಎರಡು ವರ್ಗಗಳಿವೆ. ಯಾವುದೇ ರೂಢಿಯ ಚಿಕಿತ್ಸೆ ನೀಡಿದರೂ ರೋಗಿಗಳ ಗುಂಪೊಂದು ಹೇಗೆ ಬಾಳೀತು ಎಂಬುದನ್ನು ತಿಳಿಸುವುದು ಮೊದಲ ವರ್ಗ. ಇದನ್ನು ‘ಮುನ್ನರಿವಿನ ಸೂಚಕ’ ಎನ್ನಬಹುದು. ನಿರ್ದಿಷ್ಟ ಚಿಕಿತ್ಸೆಗೆ ಯಾರು ಸ್ಪಂದಿಸಿಯಾರು ಎಂಬುದನ್ನು ತಿಳಿಸುವುದು ಎರಡನೆಯದು. ಇದನ್ನು ‘ಸ್ಪಂದನ ಸೂಚಕ’ ಎನ್ನಬಹುದು. ರೋಗನಿರೋಧಕ ಶಕ್ತಿಗೆ ಗಡ್ಡೆ ಹಾಕುವ ತಡೆಯನ್ನು ತೆಗೆಯುವ ಔಷಧಗಳ ಸಂದರ್ಭದಲ್ಲಿ ‘ಪಿಡಿ-ಎಲ್೧’ ಎಂಬ ಪ್ರೋಟೀನಿನ ಅಳತೆ ಎರಡನೆಯ ವರ್ಗದ ಕೆಲಸ ಮಾಡುತ್ತದೆ. ಈ ಔಷಧಗಳಿಗೆ ತಳಹದಿಯಾದ ಸಂಶೋಧನೆಗೆ ೨೦೧೮ರ ನೊಬೆಲ್ ಬಹುಮಾನ ಸಂದಿತು.

ಈ ಎರಡನ್ನು ಬೆರೆಸಿದರೆ ಏನಾಗುತ್ತದೆ ಎಂಬುದಕ್ಕೆ ಪಿ-೧೬ರ ಮುಂದಿನ ಕಥೆಯೇ ಸಾಕ್ಷಿ. ವೈರಾಣು ಇರುವವರ ಫಲಿತಾಂಶ ಒಳ್ಳೆಯದಿರುವುದರಿಂದ ಅವರಿಗೆ ಸೌಮ್ಯ ಚಿಕಿತ್ಸೆ ಸಾಲದೆ ಎಂಬ ಪ್ರಶ್ನೆ ಎದ್ದಿತು. ಕಿವಿ, ಮೂತ್ರಪಿಂಡಗಳಿಗೆ ತೊಂದರೆ ಕೊಡಬಲ್ಲ ಸಿಸ್‌ಪ್ಲಾಟಿನ್ ಔಷಧದ ಬದಲು ಸೆಟುಕ್ಸಿಮಾಬ್ ಕೊಟ್ಟು ನೋಡಿದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ೨೦೧೮ರಲ್ಲಿ ಹೊರಬಂದಿತು. ಎರಡರಲ್ಲಿಯೂ ಬದಲಿ ಔಷಧ ಪಡೆದವರ ಬದುಕುಳಿವು ಕಡಿಮೆಯಾಗಿತ್ತು. ಅಮೆರಿಕದ ಪ್ರಯೋಗದಲ್ಲಿ ಐದು ವರ್ಷಗಳ ಬದುಕುಳಿವು ಸಿಸ್‌ಪ್ಲಾಟಿನ್ ಪಡೆದವರಲ್ಲಿ ಶೇಕಡ ೮೪.೬, ಸೆಟುಕ್ಸಿಮಾಬ್ ಪಡೆದವರಲ್ಲಿ ಶೇಕಡ ೭೭.೯. ಒಳ್ಳೆಯ ಮುನ್ನರಿವು ಇದ್ದದ್ದು ಪರಿಣಾಮಕಾರಿ ಚಿಕಿತ್ಸೆಯ ಷರತ್ತಿನ ಮೇಲೆ. ಷರತ್ತನ್ನು ಸಡಿಲಿಸಿದಾಗ ಮುನ್ನರಿವೂ ಸಡಿಲವಾಯಿತು. ಸೂಚಕವು ಗಡ್ಡೆಯೊಳಗೆ ಬರೆದಿಟ್ಟ ತೀರ್ಪೆಂದು ಓದುವವರಿಗೆ ಈ ಪ್ರಯೋಗಗಳು ಎಚ್ಚರಿಕೆಯಾಗಿವೆ.

ಸೂಚಕವೇ ತಪ್ಪು ದಾರಿ ತೋರುವುದೂ ಉಂಟು. ಒಂಬತ್ತು ದೇಶಗಳ ೭,೬೫೪ ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ೨೦೨೩ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಶೇಕಡ ೯.೨ರಷ್ಟು ಮಂದಿಯಲ್ಲಿ ಪಿ-೧೬ ಪರೀಕ್ಷೆಯೂ ವೈರಾಣು ಪರೀಕ್ಷೆಯೂ ಪರಸ್ಪರ ತಾಳೆಯಾಗಲಿಲ್ಲ. ಎರಡೂ ಇದ್ದವರ ಐದು ವರ್ಷಗಳ ಬದುಕುಳಿವು ಶೇಕಡ ೮೧.೧, ಪಿ-೧೬ ಇದ್ದು ವೈರಾಣು ಇಲ್ಲದವರಲ್ಲಿ ಶೇಕಡ ೫೪.೭. ಪಿ-೧೬ ಒಂದನ್ನೇ ನಂಬಿದ್ದರೆ ಈ ಎರಡನೆಯ ಗುಂಪಿನವರಿಗೆ ಮೊದಲ ಗುಂಪಿನ ಭರವಸೆಯನ್ನು ಕೊಟ್ಟಂತಾಗುತ್ತಿತ್ತು.

೭. ಕರ್ನಾಟಕದ ಸಂದರ್ಭ

ಮೇಲಿನ ಅಂಕಿಗಳಲ್ಲಿ ಹೆಚ್ಚಿನವು ವೈರಾಣು ಪ್ರಧಾನ ಕಾರಣವಾಗಿರುವ ದೇಶಗಳಿಂದ ಬಂದವು. ೨೦೧೦ರ ಅಮೆರಿಕದ ಅಧ್ಯಯನದಲ್ಲಿ ಪರೀಕ್ಷಿಸಲಾದ ನಡುಗಂಟಲಿನ ಗಡ್ಡೆಗಳಲ್ಲಿ ಶೇಕಡ ೬೩.೮ರಷ್ಟರಲ್ಲಿ ವೈರಾಣು ಇತ್ತು. ಭಾರತದ ಅಧ್ಯಯನಗಳು ಈ ಪ್ರಮಾಣವನ್ನು ಒಂದೇ ತೆರನಾಗಿ ಹೇಳದಿದ್ದರೂ ಸಾಮಾನ್ಯವಾಗಿ ಅದು ಇಲ್ಲಿ ಕಡಿಮೆ. ಕರ್ನಾಟಕದಲ್ಲಿ ಗಂಟಲು ಕ್ಯಾನ್ಸರಿನ ಮುಖ್ಯ ಹಿನ್ನೆಲೆ ಬೀಡಿ, ಸಿಗರೇಟು, ಹೊಗೆಸೊಪ್ಪು, ಎಲೆ-ಅಡಿಕೆಯೊಡನೆ ಬೆರೆತ ತಂಬಾಕು ಹಾಗೂ ಮದ್ಯ. ೨೦೧೬-೧೭ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ರಾಜ್ಯದ ವಯಸ್ಕರಲ್ಲಿ ಶೇಕಡ ೨೨.೮ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು. ಕೆಳಗಂಟಲು ಮತ್ತು ಧ್ವನಿಪೆಟ್ಟಿಗೆಯ ಕ್ಯಾನ್ಸರುಗಳು ಇಲ್ಲಿ ಗಣನೀಯ. ಪಿ-೧೬ ಆಧಾರಿತ ಹಂತನಿರ್ಣಯ ಆ ನೆಲೆಗಳಿಗೆ ಅನ್ವಯಿಸುವುದಿಲ್ಲ. ಇದರ ಮೇಲೆ, ರೋಗ ಬಲಿತ ಹಂತದಲ್ಲಿಯೇ ಆಸ್ಪತ್ರೆಗೆ ಬರುವವರ ಸಂಖ್ಯೆ ದೊಡ್ಡದು.

ಹಾಗೆಂದ ಮಾತ್ರಕ್ಕೆ ಇಲ್ಲಿ ಅಣುಸೂಚಕಗಳ ಅಧ್ಯಯನ ನಿರರ್ಥಕವೆನ್ನಲಾಗದು. ಇಲ್ಲಿನ ಗಡ್ಡೆಗಳ ಮೇಲೆ, ಇಲ್ಲಿನ ಚಿಕಿತ್ಸೆಯ ಚೌಕಟ್ಟಿನಲ್ಲಿ, ಇಲ್ಲಿನ ರೋಗಿಗಳನ್ನು ಹಿಂಬಾಲಿಸಿ ಪರೀಕ್ಷಿಸಿದ ಸೂಚಕಗಳು ಬೇಕು ಎಂಬುದೇ ಇದರ ತಾತ್ಪರ್ಯ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆಯು ಕಿದ್ವಾಯಿ ಸಂಸ್ಥೆಯ ಸಹಯೋಗದಲ್ಲಿ ತಲೆ-ಕುತ್ತಿಗೆಯ ಕ್ಯಾನ್ಸರುಗಳ ಪ್ರೋಟೀನುಗಳನ್ನು ಕುರಿತು ನಡೆಸಿರುವ ಅಧ್ಯಯನಗಳನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು. ಪ್ರಯೋಗಶಾಲೆಯಲ್ಲಿ ಕಂಡ ಸೂಚಕ ವಾರ್ಡಿಗೆ ಬರುವುದು ದೀರ್ಘ ದಾರಿ. ಒಂದು ಗುಂಪಿನಲ್ಲಿ ಕಂಡದ್ದು ಇನ್ನೊಂದು ಸ್ವತಂತ್ರ ಗುಂಪಿನಲ್ಲಿಯೂ ಕಾಣಬೇಕು. ಹಂತ, ವಯಸ್ಸು, ತಂಬಾಕು ಇವುಗಳಿಂದ ತಿಳಿಯುವುದಕ್ಕಿಂತ ಹೆಚ್ಚಿನದನ್ನು ಅದು ತಿಳಿಸಬೇಕು. ಇಂಥ ಅಧ್ಯಯನಗಳನ್ನು ಹೇಗೆ ವರದಿ ಮಾಡಬೇಕೆಂಬ ಅಂತಾರಾಷ್ಟ್ರೀಯ ಮಾರ್ಗಸೂಚಿಯೇ ೨೦೦೫ರಲ್ಲಿ ರೂಪುಗೊಂಡಿತು; ಪ್ರಕಟವಾದ ಸೂಚಕಗಳು ಹೇರಳವಾಗಿದ್ದು ಬಳಕೆಗೆ ಬಂದವು ವಿರಳವಾಗಿದ್ದುದೇ ಅದಕ್ಕೆ ಕಾರಣ.

೮. ಲೆಕ್ಕದ ಹೊರಗಿನ ದನಿ

ಬದುಕುಳಿವಿನ ಅಂಕಿಯಲ್ಲಿ ಸೇರದ ಒಂದು ವಸ್ತು ಗಂಟಲು ಕ್ಯಾನ್ಸರಿಗೆ ವಿಶಿಷ್ಟವಾದುದು: ದನಿ. ಧ್ವನಿಪೆಟ್ಟಿಗೆಯ ಮುಂದುವರಿದ ಕ್ಯಾನ್ಸರಿಗೆ ಬಹುಕಾಲ ಇದ್ದ ಚಿಕಿತ್ಸೆ ಆ ಪೆಟ್ಟಿಗೆಯನ್ನೇ ತೆಗೆದುಹಾಕುವುದು. ೧೯೯೧ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ೩೩೨ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ ಮತ್ತು ವಿಕಿರಣ, ಇನ್ನೊಂದಕ್ಕೆ ಮೊದಲು ಔಷಧ, ಅನಂತರ ವಿಕಿರಣ ಕೊಡಲಾಯಿತು. ಎರಡು ವರ್ಷಗಳ ಬದುಕುಳಿವು ಎರಡೂ ಗುಂಪುಗಳಲ್ಲಿ ಶೇಕಡ ೬೮. ಆದರೆ ಎರಡನೆಯ ಗುಂಪಿ‌ನ ಶೇಕಡ ೬೪ರಷ್ಟು ಮಂದಿಯ ಧ್ವನಿಪೆಟ್ಟಿಗೆ ಉಳಿದಿತ್ತು. ಅಂಕಿ ಒಂದೇ ಆಗಿದ್ದರೂ ಉಳಿದ ಬದುಕು ಒಂದೇ ಆಗಿರಲಿಲ್ಲ.

ಧ್ವನಿಪೆಟ್ಟಿಗೆ ಕಳೆದುಕೊಂಡವರಿಗೆ ಶ್ವಾಸನಾಳ ಮತ್ತು ಅನ್ನನಾಳಗಳ ನಡುವೆ ಪುಟ್ಟ ಕವಾಟವಿಟ್ಟು ಮಾತು ಮರಳಿಸುವ ವಿಧಾನ ೧೯೮೦ರಿಂದ ಇದೆ. ಅದರ ಬೆಲೆ ಬಡವರಿಗೆ ನಿಲುಕುವಂಥದಲ್ಲ. ಬೆಂಗಳೂರಿನ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ೨೦೧೫ರಲ್ಲಿ ಐವತ್ತು ರೂಪಾಯಿ ಬೆಲೆಯ ‘ಓಂ’ ಎಂಬ ಕವಾಟವನ್ನು ಪರಿಚಯಿಸಿದ್ದು ಈ ಕಾರಣಕ್ಕೆ ಉಲ್ಲೇಖನೀಯ. ‘ಎಷ್ಟು ದಿನ?’ ಎಂಬ ಪ್ರಶ್ನೆಯ ಜೊತೆಗೆ ‘ಎಂಥ ದಿನ?’ ಎಂಬ ಪ್ರಶ್ನೆಯೂ ಇದೆ. ಈವರೆಗಿನ ಅಣುಸೂಚಕಗಳ ಗುರಿ ಬಹುಮಟ್ಟಿಗೆ ಮೊದಲನೆಯದು.

೯. ಕನ್ನಡದಲ್ಲಿ ಹೇಳುವ ಬಗೆ

ವೈದ್ಯವಿಷಯಗಳನ್ನು ಕನ್ನಡಕ್ಕೆ ಒಗ್ಗಿಸಿದ ಪರಂಪರೆ ಸಣ್ಣದಲ್ಲ. ಅನುಪಮಾ ನಿರಂಜನ ಅವರ ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ಗಳು ಮನೆಮಾತಾದವು, ಡಾ. ಡಿ. ಎಸ್. ಶಿವಪ್ಪನವರು ವೈದ್ಯಪದಗಳ ರಚನೆಗಾಗಿ ದುಡಿದರು. ಹೆಸರುಗಳ ಕೊರತೆ ಈ ಪರಂಪರೆಯಿಂದ ಬಹಳಷ್ಟು ನೀಗಿದೆ. ಆದರೆ ಸಂಭವನೀಯತೆಯನ್ನು ಹೇಳುವಾಗ ತೊಡಕು ಪದದಲ್ಲಿಲ್ಲ, ವಾಕ್ಯದಲ್ಲಿದೆ.

‘ನೂರಕ್ಕೆ ಎಂಬತ್ತು ಭಾಗ ಗುಣವಾಗುತ್ತದೆ’ ಎಂಬ ವಾಕ್ಯವನ್ನು ಪರಿಶೀಲಿಸಬಹುದು. ನೂರು ಮಂದಿಯಲ್ಲಿ ಎಂಬತ್ತು ಮಂದಿಗೆ ಗುಣವಾಗುತ್ತದೆ ಎಂಬುದು ಹೇಳುವವರ ಇಂಗಿತ. ಕೇಳುವವರಿಗೆ ಅದು ‘ನನ್ನ ಕಾಯಿಲೆಯಲ್ಲಿ ಎಂಬತ್ತು ಭಾಗ ವಾಸಿಯಾಗುತ್ತದೆ, ಇಪ್ಪತ್ತು ಭಾಗ ಉಳಿಯುತ್ತದೆ’ ಎಂದು ಕೇಳಿಸಬಹುದು. ವಾಕ್ಯದ ರಚನೆ ಎರಡಕ್ಕೂ ಎಡೆಗೊಡುತ್ತದೆ. ಇನ್ನು ‘ಸೂಚನೆ’ ಎಂಬ ಪದದ ಹಿಂದೆ ಶಕುನದ ನೆರಳಿದೆ. ‘ಭವಿಷ್ಯ’ದ ಹಿಂದೆ ಜಾತಕದ ನೆರಳಿದೆ. ‘ಆಯುಷ್ಯ ಮುಗಿಯಿತು’, ‘ಹಣೆಯಲ್ಲಿ ಬರೆದದ್ದು’ ಎಂಬ ಮಾತುಗಳ ನಡುವೆ ಬೆಳೆದವರಿಗೆ ‘ಗಡ್ಡೆಯಲ್ಲಿ ಕೆಟ್ಟ ಸೂಚಕ ಕಂಡಿದೆ’ ಎಂದರೆ ಅದು ಅರಿಷ್ಟವಾಗಿಯೇ ಕೇಳಿಸುತ್ತದೆ. ಅಣುಸೂಚಕ ಗುಂಪನ್ನು ಕುರಿತು ಹೇಳಿದ್ದು ವ್ಯಕ್ತಿಯ ಹಣೆಬರಹವಾಗಿ ಮಾರ್ಪಡುತ್ತದೆ. ಚಿಕಿತ್ಸೆಯನ್ನು ನಡುವೆ ಕೈಬಿಟ್ಟು ಊರಿಗೆ ಮರಳುವ ನಿರ್ಧಾರಕ್ಕೆ ಹಣದ ಅಡಚಣೆಯಷ್ಟೇ ಅಲ್ಲದೆ ಇಂಥ ಒಂದು ವಾಕ್ಯವೂ ನೆಪವಾಗಬಹುದು.

ಇದಕ್ಕೆ ಪರಿಹಾರವೂ ಕನ್ನಡದಲ್ಲಿಯೇ ಇದೆ. ಕನ್ನಡ ವ್ಯಾಕರಣದಲ್ಲಿ ಸಂಭಾವನಾರ್ಥವೆಂಬ ಪ್ರತ್ಯೇಕ ಕ್ರಿಯಾರೂಪವಿದೆ. ‘ಬದುಕುತ್ತಾರೆ’ ನಿಶ್ಚಯ, ‘ಬದುಕಿಯಾರು’ ಸಂಭಾವನೆ. ಊಹೆಗೆಂದೇ ರೂಪುಗೊಂಡ ಕ್ರಿಯಾಪದ ಇಂಗ್ಲಿಷಿನಲ್ಲಿ ಹೀಗೆ ಒಂದೇ ಪದವಾಗಿ ದೊರಕದು. ಆದರೆ ಇದರಲ್ಲಿ ಪ್ರಮಾಣ ಇಲ್ಲ. ‘ಬಿದ್ದೀಯೆ’ ಎಂಬಲ್ಲಿರುವಂತೆ ಎಚ್ಚರಿಕೆಯೂ ಆಶೆಯೂ ಇದೇ ರೂಪದಲ್ಲಿ ಬರುವುದರಿಂದ ದನಿಯನ್ನು ಅವಲಂಬಿಸಿ ಅರ್ಥ ವಾಲುತ್ತದೆ. ಆದುದರಿಂದ ಪ್ರಮಾಣವನ್ನು ಭೂತಕಾಲದಲ್ಲಿ ಗುಂಪಿನ ಮೇಲೂ, ಸಂಭಾವನೆಯನ್ನು ವ್ಯಕ್ತಿಯ ಮೇಲೂ ಇರಿಸುವುದು ಉಚಿತ. ‘ಇಂಥದೇ ಗಡ್ಡೆಯಿದ್ದು ಇದೇ ಚಿಕಿತ್ಸೆ ಪೂರ್ತಿಗೊಳಿಸಿದ ನೂರು ಮಂದಿಯಲ್ಲಿ ಸುಮಾರು ಎಂಬತ್ತು ಮಂದಿ ಮೂರು ವರ್ಷಗಳ ಮೇಲೂ ಬದುಕಿದ್ದರು, ಇಪ್ಪತ್ತು ಮಂದಿ ಉಳಿಯಲಿಲ್ಲ. ನೀವು ಯಾವ ಸಾಲಿನವರೆಂದು ಈ ಪರೀಕ್ಷೆ ಹೇಳುವುದಿಲ್ಲ. ಚಿಕಿತ್ಸೆ ಪೂರ್ತಿಯಾದರೆ ಆ ಎಂಬತ್ತರಲ್ಲಿ ನೀವೂ ಒಬ್ಬರಾದೀರಿ.’ ಇಲ್ಲಿ ಗುಂಪು, ಅವಧಿ, ಷರತ್ತು, ಅನಿಶ್ಚಯ ಎಂಬ ನಾಲ್ಕೂ ಅಂಶಗಳಿವೆ. ವಾಕ್ಯ ಉದ್ದವಾಯಿತೆಂಬ ಆಕ್ಷೇಪ ಬರಬಹುದು; ಚಿಕ್ಕ ವಾಕ್ಯದ ಬೆಲೆ ಇದಕ್ಕಿಂತ ದೊಡ್ಡದು.

೧೦. ಉಪಸಂಹಾರ

ಅರಿಷ್ಟವು ವ್ಯಕ್ತಿಯನ್ನು ಕುರಿತು ನಿಶ್ಚಯವಾಗಿ ಹೇಳುತ್ತಿತ್ತು. ಅಣುಸೂಚಕವು ಗುಂಪನ್ನು ಕುರಿತು, ನಿರ್ದಿಷ್ಟ ನೆಲೆಯ ಗಡ್ಡೆಗೆ, ನಿರ್ದಿಷ್ಟ ಚಿಕಿತ್ಸೆಯ ಷರತ್ತಿನ ಮೇಲೆ, ನಿರ್ದಿಷ್ಟ ಅವಧಿಗೆ ಸೀಮಿತವಾಗಿ ಹೇಳುತ್ತದೆ. ಪಿ-೫೩ರ ಮಾರ್ಪಾಟುಗಳೆಲ್ಲ ಸಮಾನವಲ್ಲ. ಪಿ-೧೬ ನಡುಗಂಟಲಿನಲ್ಲಿ ಪಡೆಯುವ ಅರ್ಥವನ್ನು ಧ್ವನಿಪೆಟ್ಟಿಗೆಯಲ್ಲಿ ಪಡೆಯದು. ಒಳ್ಳೆಯ ಮುನ್ನರಿವು ದುರ್ಬಲ ಚಿಕಿತ್ಸೆಗೆ ಪರವಾನಗಿಯಾಗದು. ಹೊರದೇಶದ ಅಂಕಿಗಳನ್ನು ಕರ್ನಾಟಕದ ರೋಗಿಗೆ ನೇರವಾಗಿ ಅನ್ವಯಿಸಲು ಬಾರದು. ವಿಜ್ಞಾನದ ಒಳಗೇ ಇರುವ ಈ ಷರತ್ತುಗಳು ಭಾಷಾಂತರದಲ್ಲಿ ಮೊದಲು ಉದುರಿಹೋಗುವ ಅಂಶಗಳು. ಕನ್ನಡದ ಅಧ್ಯಾಪಕರೂ ಸಂಶೋಧಕರೂ ಪದಕೋಶಗಳಿಗೆ ಪದ ಒದಗಿಸುವುದರೊಡನೆ, ಸಂಭಾವನೆಯನ್ನು ಕೆಡದಂತೆ ಸಾಗಿಸುವ ವಾಕ್ಯಗಳ ಕಡೆಗೂ ಗಮನ ಹರಿಸಿದರೆ ಆಸ್ಪತ್ರೆಯ ಮೇಜಿನ ಆಚೆ ಕುಳಿತವರಿಗೆ ಅದು ನೇರವಾಗಿ ತಲುಪುವ ಕೆಲಸವಾಗುತ್ತದೆ.